ನೋಟಿನ ಬೆನ್ನು

ಅಕ್ಕ ಕೇಳಿದಾಗ ಅವನು "ಅದು ಬ್ಯಾಂಕಿನ ಲಾಕರಲ್ಲಿದೆ" ಅಂದುಬಿಟ್ಟ. ಅದು ಇದ್ದದ್ದು ಅವಳು ಕೂತಿದ್ದ ಕುರ್ಚಿಯ ಹಿಂದೆಯೇ, ಕೈ ಚಾಚಿದರೆ ಸಿಗುವ ಕಬ್ಬಿಣದ ಬೀರುವಿನಲ್ಲಿ, ಮೇಲಿನಿಂದ ಎರಡನೆಯ ಅರೆಯಲ್ಲಿ. ಅರವತ್ತೆರಡು ವರ್ಷದ ಮನುಷ್ಯ, ತಲೆಯಲ್ಲಿ ಕಪ್ಪು ಕೂದಲನ್ನು ಹುಡುಕಿ ತೆಗೆಯಬೇಕು, ಎಪ್ಪತ್ತೊಂದರ ಅಕ್ಕನ ಮುಂದೆ ಸುಳ್ಳು ಹೇಳಿ ಕಿವಿ ಬಿಸಿ ಮಾಡಿಕೊಂಡು ನಿಂತಿದ್ದ.

"ಲಾಕರಲ್ಲಾ? ಸರಿ, ಬುಧವಾರದೊಳಗೆ ತಂದ್ಕೊಡು. ಗುರುವಾರ ಆಪರೇಷನ್ನು," ಅಂದಳು ಅಕ್ಕ.

"ಈಗ ಯಾಕಕ್ಕಾ ಅದು?"

"ನೋಡ್ಬೇಕು. ಒಂದು ಕಣ್ಣು ಆಗ್ಲೇ ಹೋಯ್ತು. ಇನ್ನೊಂದಕ್ಕೆ ಡಾಕ್ಟರು ಅರ್ಧಕ್ಕರ್ಧ ಅಂತಾರೆ. ಡಾಕ್ಟರು ಅರ್ಧಕ್ಕರ್ಧ ಅಂದ್ರೆ ಏನು ಅಂತ ನಂಗೆ ಗೊತ್ತಿಲ್ವಾ? ಮಕ್ಕಳ ಮುಖ, ಮೊಮ್ಮಕ್ಕಳ ಮುಖ ಕಣ್ಣು ಮುಚ್ಚಿದ್ರೂ ಕಾಣ್ತವೆ. ಅಮ್ಮನ ಅಕ್ಷರ ಮಾತ್ರ ಮಸುಕಾಗ್ತಾ ಇದೆ ಕಣೋ ಪುಟ್ಟ. ಒಂದ್ಸಲ ನೋಡ್ಕೊಂಡುಬಿಡ್ತೀನಿ."

"ಯಾವ ಅಕ್ಷರ? ಅಮ್ಮ ಹೆಬ್ಬೆಟ್ಟು ಅಲ್ವಾ?"

"ಹೆಬ್ಬೆಟ್ಟೇ. ಕೊನೇ ವರ್ಷ ನನ್ನ ಹತ್ರ ಕಲಿತಳು. ನೀನಾಗ ಬೈಂಡಿಂಗ್ ಕೆಲಸ ಕಲಿಯೋಕೆ ಅಂತ ಬೇರೆ ಊರಲ್ಲಿದ್ದೆ. ಮಧ್ಯಾಹ್ನ ಅಪ್ಪ ಮಲಗಿದ್ಮೇಲೆ ಅಡುಗೆಮನೇಲಿ ಕೂತು ಸ್ಲೇಟಿನ ಮೇಲೆ ಬರೆಯೋಳು, ಒರೆಸೋಳು. ಕಾಗದದ ಮೇಲೆ ಬರೆದದ್ದು ಅದೊಂದೇ. ಮನೇಲಿ ಒಳ್ಳೇ ಕಾಗದ ಎಲ್ಲಿತ್ತು? ಪೆಟ್ಟಿಗೆ ತಳದಿಂದ ಆ ನೋಟು ತೆಗೆದ್ಲು, ಬೆನ್ನು ಖಾಲಿ ಇದೆಯಲ್ಲ ಅಂತ. ನಿಂಗೇನು ಹೇಳೋದು, ನೀನು ನೋಡಿರೋದೇ."

"ಹೂಂ, ನೋಡಿದೀನಿ," ಅಂದ.

ಇದು ಎರಡನೆಯ ಸುಳ್ಳು, ಮೊದಲನೆಯದಕ್ಕಿಂತ ಕೆಟ್ಟದ್ದು. ಹೀಗಂದ ಮೇಲೆ ಅಲ್ಲಿ ಏನು ಬರೆದಿತ್ತು ಎಂದು ಅಕ್ಕನನ್ನೇ ಕೇಳುವ ದಾರಿಯೂ ಮುಚ್ಚಿಹೋಯಿತು. ಅಕ್ಕ ಚಪ್ಪಲಿಗೆ ಕಾಲಿನಲ್ಲೇ ತಡಕಾಡುತ್ತಾ, "ಅದಕ್ಕೇ ಅಲ್ವೇ ನೀನು ಅದನ್ನ ಇಷ್ಟು ವರ್ಷ ಜೋಪಾನ ಮಾಡಿರೋದು," ಎಂದು ತಾನೇ ಸಮಾಧಾನ ಹೇಳಿಕೊಂಡು, ಜೊತೆಗೆ ಬಂದಿದ್ದ ಮೊಮ್ಮಗಳ ಭುಜ ಹಿಡಿದು ಮೆಟ್ಟಿಲಿಳಿದಳು. ಅವನು ಬಾಗಿಲ ಚಿಲಕ ಹಾಕಿ ಅಲ್ಲೇ ಗೋಡೆಗೆ ಆತು ನಿಂತ.

ಅವನು ಯಾಕೆ ಹಾಗೆ ನಿಂತ ಅನ್ನುವುದು ತಿಳಿಯಬೇಕಾದರೆ ಆ ನೋಟಿನ ಕಥೆ ಸ್ವಲ್ಪ ಹೇಳಬೇಕು.

ನೂರೈವತ್ತು ವರ್ಷದ ಹಿಂದೆ ಒಂದು ಚಕ್ರಾಧಿಪತ್ಯವಿತ್ತು. ಭೂಪಟದ ಮೇಲೆ ಬಲು ದೊಡ್ಡದು, ಒಳಗೆ ಮಾತ್ರ ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದ ಏಳು ಪ್ರಾಂತ್ಯಗಳು. ಪ್ರತಿಯೊಂದಕ್ಕೂ ಅದರದೇ ಖಜಾನೆ, ಅದರದೇ ನೋಟು. ಒಂದು ಪ್ರಾಂತ್ಯದ ನೋಟು ಗಡಿಯ ನದಿ ದಾಟಿದರೆ ಬರೀ ಕಾಗದ. ಮುದ್ರಣ ಒಂದೇ ಮಗ್ಗುಲಿಗೆ, ಹಿಂಬದಿ ಖಾಲಿ. ಕಳ್ಳನೋಟಿನ ಭಯಕ್ಕೆ ಪ್ರತಿ ನೋಟಿಗೂ ಪ್ರಾಂತ್ಯದ ಖಜಾಂಚಿ ತನ್ನ ಕೈಯಾರೆ ಸಹಿ ಹಾಕಬೇಕು. ಆಮೇಲೆ ಚಕ್ರಾಧಿಪತ್ಯ ಮುಳುಗಿತು, ನೋಟುಗಳು ಒಲೆಗೆ, ಮಕ್ಕಳ ಗಾಳಿಪಟಕ್ಕೆ, ಗೋಡೆಯ ಬಿರುಕಿಗೆ ಹೋದವು. ಅಲ್ಲಿ ಇಲ್ಲಿ ಉಳಿದದ್ದನ್ನು ಹುಡುಕಿಕೊಂಡು ಓಡಾಡುವ ಹುಚ್ಚರು ಎಲ್ಲ ಊರಲ್ಲೂ ನಾಲ್ಕು ಜನ ಇರುತ್ತಾರೆ. ಈ ಊರಿನ ನಾಲ್ವರಲ್ಲಿ ಇವನೊಬ್ಬ.

ವೃತ್ತಿಯಿಂದ ಅವನು ಪುಸ್ತಕ ಬೈಂಡರು. ದೊಡ್ಡ ಗ್ರಂಥಾಲಯವೊಂದರ ನೆಲಮಾಳಿಗೆಯಲ್ಲಿ ಮೂವತ್ತಾರು ವರ್ಷ ಹರಿದ ಹಾಳೆ ಹೊಂದಿಸಿ, ಬೆನ್ನು ಮುರಿದ ಪುಸ್ತಕಕ್ಕೆ ಬೆನ್ನು ಕಟ್ಟಿ ನಿವೃತ್ತನಾದವನು. ನೋಟಿನ ಹುಚ್ಚು ಹಿಡಿದದ್ದೂ ಅಲ್ಲೇ, ಯಾರೋ ಗುರುತಿಗೆಂದು ಪುಸ್ತಕದೊಳಗಿಟ್ಟು ಮರೆತ ಒಂದು ನೋಟಿನಿಂದ. ಬೀದಿಯವರು ಅವನ ಮುಂದಿನ ಕೋಣೆಗೆ ಖಜಾನೆ ಎಂದು ಹೆಸರಿಟ್ಟರು, ಕ್ರಮೇಣ ಅವನಿಗೂ ಅದೇ ಹೆಸರಾಯಿತು. ಬೀರು ತುಂಬ ಆಲ್ಬಮ್ಮು, ಆಲ್ಬಮ್ಮಿನ ತುಂಬ ನೋಟು, ಅಷ್ಟನ್ನೂ ಅಂಗಡಿಗೆ ಒಯ್ದು ಕೊಟ್ಟರೆ ಒಂದು ಬೆಂಕಿಪೊಟ್ಟಣ ಸಿಗುವುದಿಲ್ಲ. "ಖಜಾನೆ ಬಾಗಿಲು ತೆಗೀತಾ?" ಎಂದು ಪೇಪರಿನವನೂ ಕೇಳುತ್ತಿದ್ದ. ಇವನು ಸಿಟ್ಟಾಗುತ್ತಿರಲಿಲ್ಲ, ಒಳಗೊಳಗೇ ಹೆಮ್ಮೆ ಪಡುತ್ತಿದ್ದ.

ಅವನಿಗೆ ಬೇಕಾದದ್ದು ಏಳರಲ್ಲಿ ಒಂದೇ ಪ್ರಾಂತ್ಯ. ಅದಕ್ಕೆ ಹನ್ನೊಂದು ಜನ ಖಜಾಂಚಿಗಳಾಗಿ ಹೋಗಿದ್ದರು. ಹನ್ನೊಂದು ಜನರ ಸಹಿಯೂ ಇವನಿಗೆ ಬಾಯಿಪಾಠ. ಮೂರನೆಯವನು ಕೊನೆಯ ಗೆರೆಯನ್ನು ಹಿಂದಕ್ಕೆ ಎಳೆಯುತ್ತಿದ್ದ, ಏಳನೆಯವನಿಗೆ ಮುಪ್ಪಿನಲ್ಲಿ ಕೈ ನಡುಗುತ್ತಿತ್ತು, ಒಂಬತ್ತನೆಯವನು ಮಸಿ ದಂಡ ಮಾಡುವುದರಲ್ಲಿ ಎತ್ತಿದ ಕೈ. ಊರೂರಿಂದ ಜನ ನೋಟು ತಂದು ಅಸಲಿಯೋ ನಕಲಿಯೋ ಹೇಳಿ ಅನ್ನುತ್ತಿದ್ದರು. ಇವನು ಕನ್ನಡಕ ಹಣೆಗೇರಿಸಿ, ಮಸೂರ ಹಿಡಿದು, ಅರ್ಧ ನಿಮಿಷದಲ್ಲಿ ತೀರ್ಪು ಕೊಡುತ್ತಿದ್ದ. "ನಕಲಿ ಸಹಿಗೆ ಅವಸರ ಇರಲ್ಲ. ಅಸಲಿ ಸಹಿ ಹಾಕೋನ ಮನಸ್ಸು ಊಟದ ಮೇಲಿರುತ್ತೆ," ಎನ್ನುವುದು ಅವನ ಮಾತು. ಸತ್ತು ನೂರು ವರ್ಷವಾದ ಹನ್ನೊಂದು ಗುಮಾಸ್ತರ ಕೈಬರಹ ಬಲ್ಲ ಮನುಷ್ಯ.

ಆ ಹನ್ನೊಂದರಲ್ಲಿ ಎಲ್ಲಿಯೂ ಸಿಗದಿದ್ದದ್ದು ಐದನೆಯವನ ಸಹಿ. ಅವನು ಕುರ್ಚಿಯಲ್ಲಿ ಕೂತದ್ದು ನಲವತ್ತೇ ದಿನ. ಅಂಥದ್ದೊಂದು ನೋಟು ಇವನ ಮನೆಯ ಹಳೆಯ ಪೆಟ್ಟಿಗೆಯಲ್ಲೇ ಇತ್ತು. ಮುತ್ತಜ್ಜನ ಕಾಲದಿಂದ ಬಿದ್ದದ್ದು. ಅಮ್ಮ ಸತ್ತು ಹದಿನಾಲ್ಕು ವರ್ಷದ ಮೇಲೆ, ತಮ್ಮನಿಗೆ ಇಂಥದರ ಗೀಳು ಹತ್ತಿದೆ ಎಂದು ತಿಳಿದು, ಅಕ್ಕ ಅದನ್ನು ತಂದು ಅವನ ಕೈಗಿಟ್ಟಳು. ಎಂಟು ಮಡಿಕೆ ಮಡಚಿದ ಕಾಗದ. ಬಿಡಿಸಿ ಸಹಿ ನೋಡಿದವನೇ ಅವನು ಕೂತಲ್ಲಿ ಕೂರಲಿಲ್ಲ. ಅಕ್ಕ ಏನೇನು ಹೇಳಿದಳೋ, ಅವನ ಕಿವಿಗೆ ಬೀಳಲಿಲ್ಲ. ಕಾಫಿ ಕುಡಿದು ಹೋದಳು ಅನ್ನುವುದೊಂದು ನೆನಪು.

ಆ ಕಾಲದಲ್ಲಿ ಸಂಗ್ರಾಹಕರಿಗೆ ಇದ್ದ ಒಂದೇ ಶಾಸ್ತ್ರ ಹಿಂಬದಿ ಸ್ವಚ್ಛವಿರಬೇಕು ಅನ್ನುವುದು. ಖಾಲಿ ಬೆನ್ನು ಕಂಡರೆ ಜನ ಬರೆಯದೆ ಬಿಡುತ್ತಾರೆಯೇ? ಯಾರು ಯಾರಿಗೆ ಕೊಟ್ಟರು, ಯಾವ ಅಂಗಡಿ, ಎಷ್ಟು ಸೇರು, ದಾರಿ ಹೇಗೆ, ಎಲ್ಲವನ್ನೂ ಬರೆದುಬಿಡುತ್ತಿದ್ದರು. ಅದನ್ನೆಲ್ಲ ಗಲೀಜು ಎಂದು ಕರೆದು, ಗಲೀಜಿದ್ದ ನೋಟನ್ನು ಎರಡನೆಯ ದರ್ಜೆಗೆ ಇಳಿಸುತ್ತಿದ್ದರು. ಕಾಗದದ ವೈದ್ಯನಾದ ಇವನ ಹತ್ತಿರ ಎಲ್ಲರೂ ನೋಟು ತೊಳೆಸಿಕೊಂಡರು. ಮಸಿಗೆ ಒಂದು ದ್ರಾವಣ, ಎಣ್ಣೆ ಕಲೆಗೆ ಒಂದು ಪುಡಿ, ಪೆನ್ಸಿಲಿಗೆ ಮೆತ್ತನೆಯ ರಬ್ಬರು ಮತ್ತು ಬ್ರೆಡ್ಡಿನ ತಿರುಳು. ಅವನು ಕೆಲಸ ಮಾಡುವ ರೀತಿಯೂ ನೋಡುವಂಥದ್ದೇ. ಒಂದು ದಪ್ಪ ರಟ್ಟಿನಲ್ಲಿ ಬೆರಳಗಲದ ಕಿಂಡಿ ಕೊಯ್ದು, ಅದನ್ನು ನೋಟಿನ ಮೇಲೆ ಮುಚ್ಚಿ, ಕಿಂಡಿಯಲ್ಲಿ ಕಂಡಷ್ಟನ್ನೇ ಉಜ್ಜುವುದು, ಅಷ್ಟು ಮುಗಿದರೆ ಕಿಂಡಿ ಮುಂದೆ ಸರಿಸುವುದು. ಕೈಬೆವರು ಉಳಿದ ಜಾಗಕ್ಕೆ ತಾಗಬಾರದು. ಅಕ್ಷರ ಪೂರ್ತಿ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಕಾಣುವುದು ಒಂದು ಬಾಲ, ಒಂದು ಸುತ್ತು, ಒಂದು ಚುಕ್ಕೆ.

ಐದನೆಯ ಖಜಾಂಚಿಯ ನೋಟನ್ನೂ ಹಾಗೆಯೇ ತೊಳೆದ. ಅಕ್ಕ ಕೊಟ್ಟ ವಾರದೊಳಗೆ. ಮರುವರ್ಷದ ಪ್ರದರ್ಶನದಲ್ಲಿ ಗಾಜಿನ ಕೆಳಗೆ ಅದನ್ನಿಟ್ಟು, ಪಕ್ಕದಲ್ಲಿ ಸಣ್ಣ ಚೀಟಿ ಇಟ್ಟ: ಮೊದಲ ದರ್ಜೆ, ಹಿಂಬದಿ ಸ್ವಚ್ಛ. ಅಕ್ಕನೂ ಬಂದಿದ್ದಳು. ಗಾಜಿನ ಮೇಲಿಂದ ಮುಂಬದಿ ನೋಡಿ, "ಚೆನ್ನಾಗಿ ಇಟ್ಕೊಂಡಿದೀಯ," ಅಂದಿದ್ದಳು. ಚೀಟಿ ಓದಿರಲಿಲ್ಲ.

ಅಕ್ಕ ಬಂದುಹೋದದ್ದು ಸೋಮವಾರ. ಮಂಗಳವಾರ ಬೆಳಿಗ್ಗೆ ಅವನು ಬೀರುವಿನ ತಳದಿಂದ ತನ್ನ ಹಳೆಯ ಕೆಲಸದ ಪುಸ್ತಕ ಹೊರಗೆಳೆದ. ತೊಳೆದ ಪ್ರತಿ ನೋಟಿನ ವಿವರವೂ ಅದರಲ್ಲಿತ್ತು. ಮೂವತ್ತೆರಡು ವರ್ಷದ ಹಿಂದಿನ ಒಂದು ಪುಟದಲ್ಲಿ ಅವನದೇ ದುಂಡು ಅಕ್ಷರ: ಹಿಂಬದಿ, ಪೆನ್ಸಿಲ್ ಗೀಚು, ನಾಲ್ಕು ಸಾಲು, ಮಗುವಿನ ಕೈ, ತೆಗೆಯಬಹುದಾದದ್ದು. ಅದರ ಕೆಳಗೆ ಕೆಂಪು ಮಸಿಯಲ್ಲಿ: ತೆಗೆಯಲಾಯಿತು.

ಮಗುವಿನ ಕೈ ಅನ್ನುವಲ್ಲಿ ಅವನು ಬಹಳ ಹೊತ್ತು ಬೆರಳಿಟ್ಟುಕೊಂಡು ಕೂತ. ಅದನ್ನು ಬರೆದಾಗ ಅಮ್ಮನಿಗೆ ನಲವತ್ತೇಳು.

ಹೆಂಡತಿಗೆ ಹೇಳದೆ ಇರಲಾಗಲಿಲ್ಲ. ಅವಳು ಒಗೆದ ಬಟ್ಟೆ ಮಡಚುತ್ತಾ ಪೂರ್ತಿ ಕೇಳಿಸಿಕೊಂಡಳು.

"ಹೋಗಿ ಹೇಳಿಬಿಡಿ," ಅಂದಳು.

"ಏನಂತ?"

"ಅಳಿಸಿಬಿಟ್ಟೆ, ಗೊತ್ತಾಗಲಿಲ್ಲ ಅಂತ. ನಿಮ್ಮಕ್ಕ ನಿಮ್ಮನ್ನ ತಿಂದುಬಿಡ್ತಾರಾ?"

"ಆಪರೇಷನ್ ಮುಂದಿಟ್ಕೊಂಡು ಅವಳಿಗೆ ಇದನ್ನ ಹೇಳ್ಲಾ?"

"ಅವರ ಕಣ್ಣಿನ ನೆಪ ಮಾಡ್ಬೇಡಿ. ನಿಮಗೆ ನಿಮ್ಮ ಮುಖ ಉಳಿಸ್ಕೋಬೇಕು," ಅಂದು ಅವಳು ಮಡಚಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮೂವತ್ತೈದು ವರ್ಷ ಸಂಸಾರ ಮಾಡಿದವಳಿಗೆ ಇಷ್ಟು ಗೊತ್ತಿರುವುದಿಲ್ಲವೇ?

ಅವನು ನೋಟನ್ನು ಕಿಟಕಿಯ ಹತ್ತಿರ ಒಯ್ದು ಬೆಳಕು ಪಕ್ಕದಿಂದ ಬೀಳುವಂತೆ ಓರೆಯಾಗಿ ಹಿಡಿದ. ಪೆನ್ಸಿಲ್ ಹೋದರೂ ಒತ್ತಿದ ಗುರುತು ಕಾಗದದಲ್ಲಿ ಉಳಿಯುತ್ತದೆ, ಓರೆ ಬೆಳಕಿನಲ್ಲಿ ನೆರಳು ಬೀಳುತ್ತದೆ. ಬೇರೆಯವರ ನೋಟಿನಲ್ಲಿ ಎಷ್ಟೋ ಸಲ ಹೀಗೆ ಓದಿದ್ದಾನೆ. ಇಲ್ಲಿ ಏನೂ ಇರಲಿಲ್ಲ. ತೊಳೆದ ಮೇಲೆ ಅದನ್ನು ಒದ್ದೆ ಒತ್ತುಗಾಗದದ ನಡುವೆ ಇಟ್ಟು, ಬೈಂಡಿಂಗ್ ಪ್ರೆಸ್ಸಿಗೆ ಹಾಕಿ, ಮೂರು ವಾರ ಬಿಗಿದಿದ್ದ. ಆ ಕೆಲಸದ ಬಗ್ಗೆ ಅವನಿಗೆ ವಿಶೇಷ ಹೆಮ್ಮೆ. ಕಾಗದ ಹೊಸ ಬಟ್ಟೆಯ ಹಾಗೆ ನುಣ್ಣಗಿತ್ತು.

ಉಳಿದ ಒಂದೇ ಆಸೆ ಔಷಧಿ ಅಂಗಡಿಯವನು. ನಾಲ್ವರು ಹುಚ್ಚರಲ್ಲಿ ಅವನೂ ಒಬ್ಬ, ಸಂಗ್ರಾಹಕರ ಸಂಘದ ಫೋಟೋಗಳೆಲ್ಲ ಅವನ ಹತ್ತಿರವೇ. ತೊಳೆಯುವ ಮೊದಲು ಈ ನೋಟನ್ನು ಒಂದು ಸಂಜೆ ಅವನಿಗೆ ತೋರಿಸಲು ಒಯ್ದದ್ದೂ, ಅವನು ಕ್ಯಾಮೆರಾ ತೆಗೆದದ್ದೂ ನೆನಪಿತ್ತು. ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ, ಮಾತ್ರೆಯ ಡಬ್ಬಗಳ ನಡುವೆ, ಇಬ್ಬರೂ ನಾಲ್ಕು ರಟ್ಟಿನ ಪೆಟ್ಟಿಗೆ ತಡಕಿದರು. ಫೋಟೋ ಸಿಕ್ಕಿತು. ತೊಳೆಯುವುದಕ್ಕೆ ಮೊದಲಿನದೇ. ಎಂಟು ಮಡಿಕೆಯ ಗೆರೆ, ಹಳದಿ ಬಣ್ಣ, ಐದನೆಯವನ ಸಹಿ.

"ಹಿಂಬದಿದು?" ಎಂದ ಇವನು.

"ಬೆನ್ನಿನ ಫೋಟೋ ಯಾರಾದ್ರೂ ತೆಗೀತಾರಾ ಮಾರಾಯ?" ಎಂದು ಅವನು ನಕ್ಕ. ಇವನ ಮುಖ ನೋಡಿ ನಗು ನಿಲ್ಲಿಸಿದ. "ಈಗಿನವರು ಬರೀ ಬೆನ್ನೇ ಕೇಳ್ತಾರೆ. ಮೊನ್ನೆ ಒಬ್ಬಳು ಬಂದಿದ್ಲು, ಕಾಲೇಜಿನವಳು, ಹಿಂದೆ ಏನು ಬರೆದಿದೆ ತೋರಿಸಿ ಅಂತ. ನೀನು ನಂದು ಹತ್ತೊಂಬತ್ತು ನೋಟು ತೊಳೆದುಕೊಟ್ಟಿದೀಯಲ್ಲ, ಹತ್ತೊಂಬತ್ತೂ ಬಟ್ಟಬಯಲು. ಅವಳು ನನ್ನ ಮುಖ ನೋಡಿದ್ಲು, ನಾನು ಅವಳ ಮುಖ ನೋಡಿದೆ."

ಹೊರಗೆ ಗಿರಾಕಿ ಕರೆದರು, ಅವನು ಎದ್ದುಹೋದ. ಇವನು ಆ ಫೋಟೋ ಹಿಡಿದುಕೊಂಡು ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದ. ಕೆಟ್ಟ ಯೋಚನೆ ಹುಟ್ಟಿದ್ದು ಆ ಸ್ಟೂಲಿನ ಮೇಲೆಯೇ.

ಅಕ್ಕನಿಗೆ ಇರುವುದು ಒಂದು ಕಣ್ಣು, ಅದೂ ಮಂಜು. ಅವಳಿಗೆ ಬೇಕಾದದ್ದು ನಾಲ್ಕು ಸಾಲು ಪೆನ್ಸಿಲ್ ಗೀಚು. ಕೊಟ್ಟರೆ ಯಾರಿಗೇನು ನಷ್ಟ? ಸಂತೋಷದಿಂದ ಆಸ್ಪತ್ರೆಗೆ ಹೋಗುತ್ತಾಳೆ. ಕಣ್ಣು ಬಂದರೆ ಆಮೇಲೆ ನೋಡಿಕೊಂಡರಾಯಿತು, ಬಾರದಿದ್ದರೆ ಅದು ಅಲ್ಲಿಗೇ ಮುಗಿಯಿತು. ಈ ಕೊನೆಯ ಮಾತು ಮನಸ್ಸಿಗೆ ಬಂದದ್ದೇ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಅಸಹ್ಯವಾದರೂ ಯೋಚನೆಯನ್ನು ಬಿಡಲಿಲ್ಲ.

ಬುಧವಾರ ಬೆಳಿಗ್ಗೆ ಹೆಂಡತಿ ತರಕಾರಿಗೆ ಹೋದಾಗ ಅವನು ಮೇಜು ಒರೆಸಿ ಕೂತ. ಏನು ಬರೆಯಬೇಕು ಅನ್ನುವುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಹೊಸದಾಗಿ ಅಕ್ಷರ ಕಲಿತ ಹೆಂಗಸು ಇನ್ನೇನು ಬರೆಯುತ್ತಾಳೆ? ಜೀವಮಾನವಿಡೀ ಹೆಬ್ಬೆಟ್ಟೊತ್ತಿ ನಾಚಿದವಳು ತನ್ನ ಹೆಸರನ್ನೇ ಬರೆಯುತ್ತಾಳೆ. ನಾಲ್ಕು ಸಾಲು, ನಾಲ್ಕು ಸಲ ಅಮ್ಮನ ಹೆಸರು. ಹಳೆಯ ಪೆನ್ಸಿಲ್ ತುಂಡೊಂದನ್ನು ಹುಡುಕಿ, ಮೊನೆ ಮಾಡಿ, ಎಡಗೈಯಲ್ಲಿ ಹಿಡಿದ. ಬೇರೆ ಕಾಗದದ ಮೇಲೆ ಇಪ್ಪತ್ತು ಸಲ ಅಭ್ಯಾಸ ಮಾಡಿದ. ನಕಲಿ ಸಹಿಗೆ ಅವಸರವಿರುವುದಿಲ್ಲ ಎಂದು ಎಲ್ಲರಿಗೂ ಪಾಠ ಹೇಳಿದವನು. ಕಲಿಯುವವರ ಕೈಗೂ ಅವಸರವಿರುವುದಿಲ್ಲ, ಹಾಗಾಗಿ ಇದನ್ನು ಯಾರೂ ಹಿಡಿಯಲಾರರು ಎಂದು ಒಳಗಿನ ಪರಿಣತ ಲೆಕ್ಕ ಹಾಕುತ್ತಿದ್ದ. ಆಮೇಲೆ ನೋಟಿನ ಮೇಲೆ ಬರೆದ. ಬೆರಳಿಂದ ಸ್ವಲ್ಪ ಸವರಿ ಮಾಸಲು ಮಾಡಿದ.

ಬರೆಯುತ್ತಿದ್ದಾಗ ಒಂದು ವಿಚಿತ್ರ ನಡೆಯಿತು. ಮೂರನೆಯ ಸಾಲಿಗೆ ಬರುವ ಹೊತ್ತಿಗೆ ಅವನಿಗೆ ಅಮ್ಮನ ಕೈ ಕಣ್ಣ ಮುಂದೆ ಬಂತು. ಹೆಬ್ಬೆಟ್ಟಿನ ಪಕ್ಕ ಒಂದು ಸುಟ್ಟ ಕಲೆಯಿತ್ತು, ಅದನ್ನು ಅವನು ಎಷ್ಟೋ ವರ್ಷದಿಂದ ನೆನೆದಿರಲಿಲ್ಲ. ಆ ಕೈ ಪೆನ್ಸಿಲನ್ನು ಹೇಗೆ ಹಿಡಿಯುತ್ತಿತ್ತು ಎಂದು ಯೋಚಿಸಿದ, ಯೋಚಿಸಿದರೂ ಕಾಣಲಿಲ್ಲ. ಆ ವರ್ಷ ಅವನು ಊರಲ್ಲಿರಲಿಲ್ಲ. ಅಲ್ಲಿಂದ ಒಂದು ಕಾಗದ ಬರೆದಿದ್ದು ಹೌದು, ಅದೂ ಅಪ್ಪನ ಹೆಸರಿಗೆ, ಬೂಟು ಬೇಕು ಎಂದು. ಅಮ್ಮ ಹೋದ ಸುದ್ದಿ ತಲುಪಿ ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಸಂಜೆ ಅಕ್ಕನ ಮನೆಗೆ ಹೋದ. ಎರಡನೆಯ ಮಹಡಿಯ ಸಣ್ಣ ಮನೆ. ಮೊಮ್ಮಗಳು ಆಸ್ಪತ್ರೆಯ ಚೀಲ ತುಂಬಿಸುತ್ತಿದ್ದಳು, ಸೋಪು, ಟವೆಲು, ಹಳೆಯ ರಿಪೋರ್ಟುಗಳು. ಅಕ್ಕ ಪಡುವಣದ ಕಿಟಕಿಯ ಹತ್ತಿರ ಬೆತ್ತದ ಕುರ್ಚಿ ಹಾಕಿಕೊಂಡು ಕಾಯುತ್ತಿದ್ದಳು. ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮಸೂರವನ್ನು ತೊಡೆಯ ಮೇಲೆ ಸಿದ್ಧವಾಗಿಟ್ಟಿದ್ದಳು.

"ತಂದ್ಯಾ?"

"ತಂದೆ."

ಅವಳು ನೋಟನ್ನು ಎರಡು ಕೈಯಲ್ಲಿ ಇಸಿದುಕೊಂಡಳು. ಮೊದಲು ಮೂಗಿನ ಹತ್ತಿರ ಹಿಡಿದು ವಾಸನೆ ನೋಡಿದಳು. ಆಮೇಲೆ ಬೆನ್ನು ಮೇಲೆ ಮಾಡಿ, ಬೆಳಕಿಗೆ ತಿರುಗಿಸಿ, ಮಸೂರವನ್ನು ಕಣ್ಣಿಗೆ ಹತ್ತಿರ ತಂದು, ದೂರ ಮಾಡಿ, ಮತ್ತೆ ಹತ್ತಿರ ತಂದಳು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಿಧಾನವಾಗಿ ಹೋದಳು. ಮತ್ತೆ ಮೊದಲಿಗೆ ಬಂದಳು. ನೋಟನ್ನು ತಿರುಗಿಸಿ ಮುಂಬದಿ ನೋಡಿದಳು, ಇದು ಅದೇ ನೋಟು ಹೌದೋ ಅಲ್ಲವೋ ಅನ್ನುವಂತೆ.

"ಅಮ್ಮನ ಹೆಸರು," ಅಂದಳು ಅಕ್ಕ.

"ಹೂಂ."

"ಅಕ್ಷರ ಚೆನ್ನಾಗಿ ಬಂದಿದೆ."

ನಾಚಿಕೆಯಾಗಬೇಕು ಹೇಳಲು, ಆದರೆ ಆ ಒಂದು ಕ್ಷಣ ಅವನಿಗೆ ಸಂತೋಷವೇ ಆಯಿತು. ಗೆದ್ದೆ ಅನ್ನಿಸಿತು. ಅಕ್ಕ ಮಸೂರವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಮೊಮ್ಮಗಳಿಗೆ, "ಕೆಳಗೆ ಹೋಗಿ ಹಾಲು ತಗೊಂಡು ಬಾರಮ್ಮ," ಅಂದಳು. ಮೊಮ್ಮಗಳ ಹೆಜ್ಜೆ ಸಪ್ಪಳ ಮೆಟ್ಟಿಲಲ್ಲಿ ಅಡಗುವವರೆಗೆ ಕಾದಳು.

"ಅಮ್ಮನಿಗೆ ಅವಳ ಹೆಸರು ಬರೆಯೋಕೆ ಬರ್ತಿರ್ಲಿಲ್ಲ ಕಣೋ ಪುಟ್ಟ."

"ನಾನು ಹೇಳ್ದೆ, ಮೊದ್ಲು ನಿನ್ನ ಹೆಸರು ಕಲಿ ಅಮ್ಮ, ಎಲ್ರೂ ಹಾಗೇ ಕಲಿಯೋದು ಅಂತ. ನನ್ನ ಹೆಸರು ಕಟ್ಕೊಂಡು ಏನಾಗ್ಬೇಕು, ಅವನ ಹೆಸರು ಕಲಿಸು ಅಂದ್ಲು. ಅವನಿಗೆ ಕಾಗದ ಹಾಕ್ಬೇಕು, ಒಳಗಡೇದು ನೀನು ಬರಿ, ಕವರಿನ ಮೇಲಿನ ಹೆಸರು ಮಾತ್ರ ನಾನೇ ಬರೀಬೇಕು, ಅವನು ಕವರ್ ನೋಡ್ದಾಗ್ಲೇ ಗೊತ್ತಾಗ್ಬೇಕು ಅಂದ್ಲು. ಆರು ತಿಂಗಳು ನಿನ್ನ ಹೆಸರೊಂದನ್ನೇ ಕಲಿತಳು. ಬೇರೆ ಒಂದಕ್ಷರ ಕಲೀಲಿಲ್ಲ."

ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರು ಒದೆಯುತ್ತಿದ್ದರು, ಅದು ಹತ್ತಿಕೊಳ್ಳುತ್ತಿರಲಿಲ್ಲ.

"ಅದನ್ನ ಇದರ ಮೇಲೆ ಬರೆದಿದ್ಲು. ಮೂರು ಸಲ ತಪ್ಪಾಯ್ತು, ನಾಲ್ಕನೇ ಸಲ ಸರಿಯಾಯ್ತು. ಅಷ್ಟು ಒತ್ತಿ ಬರೆದ್ಲು, ಪೆನ್ಸಿಲ್ ಮೊನೆ ಮುರೀತು. ಕವರ್ ತಂದ್ಕೊಡು ಅಂದ್ಲು. ನಾಳೆ ತರ್ತೀನಿ ಅಂದೆ. ಮಾರನೇ ದಿನ ಏನೋ ಕೆಲಸ, ಅದರ ಮಾರನೇ ದಿನ ಇನ್ನೇನೋ. ಆ ವಾರವೇ ಜ್ವರ ಬಂತು." ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು, ನೋಡುವ ಕಣ್ಣನ್ನೂ ನೋಡದ ಕಣ್ಣನ್ನೂ. "ಅಂಚೆ ಕಚೇರಿ ನಮ್ಮ ಬೀದಿ ಕೊನೇಲೇ ಇತ್ತು. ಇದು ನಿಂಗೇ ಬರೆದದ್ದು ಅಂತ ಹೇಳಿಯೇ ನಿನ್ನ ಕೈಗೆ ಕೊಟ್ಟೆ. ನಿಂಗೆ ಕೇಳಿಸ್ಲಿಲ್ಲ ಅಂತ ಈಗ ಗೊತ್ತಾಯ್ತು."

ಅವನಿಗೆ ಇನ್ನು ತಡೆಯುವುದು ಸಾಧ್ಯವಾಗಲಿಲ್ಲ. ಕುರ್ಚಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟ.

"ಅಳಿಸಿದ್ದು ನಾನೇ ಅಕ್ಕಾ. ನೀನು ಕೊಟ್ಟ ವಾರವೇ. ಓದ್ಲೂ ಇಲ್ಲ. ಇವತ್ತು ಬೆಳಿಗ್ಗೆ ಇದನ್ನ ಬರೆದದ್ದೂ ನಾನೇ."

"ಗೊತ್ತಾಯ್ತು ಬಿಡು."

"ಮೂರು ಸಾಲು ಬೇಗ ಹೋದ್ವು ಅಕ್ಕಾ. ನಾಲ್ಕನೇದು ಹೋಗ್ಲಿಲ್ಲ. ಎರಡು ದಿನ ಉಜ್ಜಿದೆ. ಯಾರಪ್ಪಾ ಇಷ್ಟು ಒತ್ತಿ ಬರೆದೋರು, ಇವರ ಕೈ ಸೇದಿಹೋಗ ಅಂತ ಬೈಕೊಂಡು ಉಜ್ಜಿದೆ."

ಅಮ್ಮ ಸತ್ತಾಗ ಅವನು ಅತ್ತಿರಲಿಲ್ಲ, ಹದಿನಾರರ ಹುಡುಗ, ನೆಂಟರೆಲ್ಲ ನೋಡುತ್ತಿದ್ದರು ಎಂದು ಹಲ್ಲು ಕಚ್ಚಿ ನಿಂತಿದ್ದ. ನಲವತ್ತಾರು ವರ್ಷದ ಮೇಲೆ ಈಗ ಅಕ್ಕನ ಮನೆಯ ನೆಲದ ಮೇಲೆ ಕೂತು ಜೋರಾಗಿ ಅತ್ತ. ಅಕ್ಕ ನೋಟನ್ನು ತೊಡೆಯ ಮೇಲಿಟ್ಟುಕೊಂಡು, ನಾಲ್ಕನೆಯ ಸಾಲಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತಿದ್ದಳು. ಹಾಲು ತಗೊಂಡು ಮೊಮ್ಮಗಳು ಮೆಟ್ಟಿಲು ಹತ್ತುವ ಸಪ್ಪಳ ಕೇಳಿಸಿತು.

"ಎರಡು ದಿನ ಹಿಡೀತಾ?" ಎಂದು ಕೇಳಿದಳು ಅಕ್ಕ.

"ಎರಡು ದಿನ," ಅಂದ ಅವನು.